ಮಾವಿಕ್ 3 ಥರ್ಮಲ್: ಎರೆ ಹೊಲದಲ್ಲಿ ಚಿಗರಿ ಎಣಿಸಲು ಎಷ್ಟರ ಮಟ್ಟಿಗೆ ನಂಬಬಹುದು?

ಡಿಜೆಐ ಕಂಪನಿಯ ಮಾವಿಕ್ 3 ಥರ್ಮಲ್ ಕಾಡುಪ್ರಾಣಿಗಳಿಗಾಗಿ ಹುಟ್ಟಿದ ಡ್ರೋನ್ ಅಲ್ಲ. ಬೆಂಕಿ ನಂದಿಸುವವರು, ಸೋಲಾರ್ ಫಲಕ ತಪಾಸಣೆ ಮಾಡುವವರು, ತಪ್ಪಿಸಿಕೊಂಡವರನ್ನು ಹುಡುಕುವವರು ಇದರ ಮೊದಲ ಗಿರಾಕಿಗಳು. ಆದರೂ ಒಂದು ಕಿಲೋಗಿಂತ ಕಡಿಮೆ ತೂಕದಲ್ಲಿ 640×512 ಪಿಕ್ಸೆಲ್‌ನ ಶಾಖ ಕ್ಯಾಮರಾ ಸಿಗುವುದರಿಂದ ವನ್ಯಜೀವಿ ಸಮೀಕ್ಷೆ ಮಾಡುವವರೂ ಇದರ ಬೆನ್ನುಬಿದ್ದಿದ್ದಾರೆ. ಕಲಬುರಗಿ, ಬೀದರ್, ಯಾದಗಿರಿ ಬಯಲಿನಲ್ಲಿ ಇದರ ಉಪಯೋಗ ಮುಖ್ಯವಾಗಿ ಒಂದೇ ಪ್ರಾಣಿಗೆ: ಕೃಷ್ಣಮೃಗಕ್ಕೆ, ಅಂದರೆ ನಮ್ಮ ಚಿಗರಿಗೆ. ಹೆಸರು, ಸೋಯಾ, ತೊಗರಿ ಮೊಳಕೆಯೊಡೆದಾಗ ಹಿಂಡು ಬಂದು ಮೇಯುತ್ತದೆ. ಚಿಗರಿ ಎಷ್ಟಿವೆ ಎಂದರೆ ರೈತರು ಒಂದು ಸಂಖ್ಯೆ ಹೇಳುತ್ತಾರೆ, ಅರಣ್ಯ ಕಚೇರಿ ಇನ್ನೊಂದು ಹೇಳುತ್ತದೆ. ಆಕಾಶದಿಂದ ಶಾಖದ ಚಿತ್ರ ತೆಗೆದರೆ ಜಗಳ ತೀರೀತು ಎಂಬ ನಿರೀಕ್ಷೆ ಸಹಜ.

ತೀರ್ಪು ಮೊದಲೇ ಹೇಳಿಬಿಡೋಣ. ಹುಡುಕುವ ಯಂತ್ರವಾಗಿ ಇದಕ್ಕೆ ಪೂರ್ಣ ಅಂಕ. ಎಣಿಸುವ ಯಂತ್ರವಾಗಿ ನಮ್ಮ ಭಾಗದಲ್ಲಿ ವರ್ಷಕ್ಕೆ ಸುಮಾರು ಒಂದೂವರೆ ತಿಂಗಳು, ದಿನಕ್ಕೆ ಒಂದೂವರೆ ತಾಸು, ಅದೂ ಬೋಳು ಹೊಲದಲ್ಲಿ ಮಾತ್ರ ಇದನ್ನು ನಂಬಬಹುದು. ಉಳಿದ ಹೊತ್ತಿನಲ್ಲಿ ಇದು ಕೊಡುವ ಅಂಕಿ ಕಣ್ಣಂದಾಜಿಗಿಂತ ಮೇಲೇನಲ್ಲ. ಕಂಪ್ಯೂಟರಿನಿಂದ ಬಂದ ಕಾರಣಕ್ಕೆ ಜನ ಅದನ್ನು ಜಾಸ್ತಿ ನಂಬುತ್ತಾರೆ, ಅಪಾಯ ಇರುವುದೇ ಅಲ್ಲಿ.

ಲೆನ್ಸು, ಪಿಕ್ಸೆಲ್ಲು ಮತ್ತು ಚಿಗರಿಯ ಅಳತೆ

ಇದರ ಶಾಖ ಸಂವೇದಕ ತಂಪುಗೊಳಿಸದ ಮೈಕ್ರೊಬೊಲೋಮೀಟರ್. 8ರಿಂದ 14 ಮೈಕ್ರಾನ್ ತರಂಗಾಂತರದಲ್ಲಿ ನೋಡುತ್ತದೆ. ಪ್ರತಿ ಪಿಕ್ಸೆಲ್ 12 ಮೈಕ್ರಾನ್, ಲೆನ್ಸ್ ಎಫ್/1.0, ಸಂವೇದನೆ 50 ಮಿಲಿಕೆಲ್ವಿನ್ (ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗ) ಅಥವಾ ಅದಕ್ಕಿಂತ ಸೂಕ್ಷ್ಮ ಎಂದು ಕಂಪನಿ ಹೇಳುತ್ತದೆ. ಲೆನ್ಸಿನ ನಾಭಿದೂರ ಸುಮಾರು 9 ಮಿಲಿಮೀಟರ್. ಇಷ್ಟು ಗೊತ್ತಿದ್ದರೆ ಉಳಿದದ್ದು ಶಾಲೆಯ ಲೆಕ್ಕ. 100 ಮೀಟರ್ ಎತ್ತರದಿಂದ ನೇರ ಕೆಳಗೆ ನೋಡಿದರೆ ಒಂದು ಪಿಕ್ಸೆಲ್ ನೆಲದ ಮೇಲೆ 13 ಸೆಂಟಿಮೀಟರ್ ಆಗುತ್ತದೆ, ಇಡೀ ಚೌಕಟ್ಟು ಸುಮಾರು 84×67 ಮೀಟರ್. 60 ಮೀಟರಿಗೆ ಇಳಿದರೆ ಪಿಕ್ಸೆಲ್ 8 ಸೆಂಟಿಮೀಟರ್, ಚೌಕಟ್ಟು 50×40 ಮೀಟರ್.

ನಿಂತ ಚಿಗರಿ ಮೇಲಿನಿಂದ ಸುಮಾರು 1.2 ಮೀಟರ್ ಉದ್ದ, ಒಂದು ಅಡಿ ಅಗಲ. 100 ಮೀಟರಿನಿಂದ ಅದು 9 ಪಿಕ್ಸೆಲ್ ಉದ್ದ, ಎರಡೂವರೆ ಪಿಕ್ಸೆಲ್ ಅಗಲದ ಗೆರೆ. 60 ಮೀಟರಿನಿಂದ 15×4. ಮುದುಡಿ ಮಲಗಿದ್ದರೆ ಗೆರೆ ಹೋಗಿ ದುಂಡು ಚುಕ್ಕೆಯಾಗುತ್ತದೆ. ಇಲ್ಲಿಯೇ ಒಂದು ಸೂಕ್ಷ್ಮವಿದೆ. ಪ್ರಾಣಿಯ ಅಗಲ ಎರಡು-ಮೂರು ಪಿಕ್ಸೆಲ್ ಆದಾಗ ಅಂಚಿನ ಪಿಕ್ಸೆಲ್‌ಗಳಲ್ಲಿ ಅರ್ಧ ಪ್ರಾಣಿ, ಅರ್ಧ ಮಣ್ಣು ಬೆರೆಯುತ್ತದೆ. ಪ್ರಾಣಿ ಇರುವುದಕ್ಕಿಂತ ತಣ್ಣಗೆ ಕಾಣುತ್ತದೆ. ಹೀಗಾಗಿ ಇನ್ನೂ ಎತ್ತರಕ್ಕೆ ಹೋಗಿ ಹೆಚ್ಚು ಜಾಗ ಮುಗಿಸುವ ಆಸೆ ದುಬಾರಿಯಾಗುತ್ತದೆ. ಕಾನೂನು ಬಿಡುವ 120 ಮೀಟರಿನಲ್ಲಿ ಮರಿಗಳು ಕಣ್ತಪ್ಪತೊಡಗುತ್ತವೆ.

ಮಾರುಕಟ್ಟೆಯಲ್ಲಿ 256×192 ಪಿಕ್ಸೆಲ್‌ನ ಅಗ್ಗದ ಥರ್ಮಲ್ ಡ್ರೋನುಗಳೂ ಇವೆ. ಅಷ್ಟೇ ಅಗಲದ ನೆಲ ತೋರಿಸಲು ಅವುಗಳ ಪಿಕ್ಸೆಲ್ ಎರಡೂವರೆ ಪಟ್ಟು ದೊಡ್ಡದಾಗಬೇಕು, ಅಂದರೆ 100 ಮೀಟರಿಗೆ 33 ಸೆಂಟಿಮೀಟರ್. ಚಿಗರಿ ಬರೀ ಮೂರು ಚುಕ್ಕೆ. ಎಮ್ಮೆ ಹುಡುಕಲು ಸಾಕು, ಇದಕ್ಕೆ ಬೇಡ. ಇನ್ನು ಕೆಲ ಮಾರಾಟಗಾರರು ಸಾಫ್ಟ್‌ವೇರಿನಿಂದ ಹಿಗ್ಗಿಸಿದ 1280×1024 ಚಿತ್ರ ತೋರಿಸಿ ಅದನ್ನೇ ಸಂವೇದಕದ ಗಾತ್ರ ಎನ್ನುವಂತೆ ಮಾತಾಡುತ್ತಾರೆ. ಸಂವೇದಕದ ನಿಜ ಪಿಕ್ಸೆಲ್ ಎಷ್ಟು, ನಾಭಿದೂರ ಎಷ್ಟು ಎಂದು ಎರಡೇ ಪ್ರಶ್ನೆ ಕೇಳಿ, ಮೇಲಿನ ಲೆಕ್ಕ ನೀವೇ ಮಾಡಿ.

ಥರ್ಮಲ್ ಜೊತೆಗೆ ಎರಡು ಸಾದಾ ಕ್ಯಾಮರಾಗಳಿವೆ: 48 ಮೆಗಾಪಿಕ್ಸೆಲ್‌ನ ಅಗಲ ನೋಟದ್ದು, 162 ಮಿಲಿಮೀಟರಿಗೆ ಸಮನಾದ 12 ಮೆಗಾಪಿಕ್ಸೆಲ್ ಟೆಲಿ, ಅಂದರೆ ದೂರದ್ದನ್ನು ಹತ್ತಿರ ತೋರಿಸುವಂಥದ್ದು. ಕಾಗದದ ಮೇಲೆ ಇದು ಬಹಳ ಒಳ್ಳೆಯ ಜೋಡಿ. ಶಾಖದಲ್ಲಿ ಚುಕ್ಕೆ ಕಂಡರೆ ಟೆಲಿಯಲ್ಲಿ ಕೊಂಬು ನೋಡಿ ಗಂಡು, ಹೆಣ್ಣು ಗುರುತಿಸಬಹುದು. ಆದರೆ ಟೆಲಿ ಲೆನ್ಸ್ ಎಫ್/4.4, ಒಳಗೆ ಬಿಡುವ ಬೆಳಕು ಕಡಿಮೆ. ಶಾಖ ಚೆನ್ನಾಗಿ ಕಾಣುವ ನಸುಕಿನಲ್ಲಿ ಟೆಲಿ ಕುರುಡು; ಟೆಲಿಗೆ ಬೆಳಕು ಸಾಕಾಗುವ ಹೊತ್ತಿಗೆ ಶಾಖದ ವ್ಯತ್ಯಾಸ ಕರಗುತ್ತಿರುತ್ತದೆ. ಇವೆರಡೂ ಒಟ್ಟಿಗೆ ಕೆಲಸ ಮಾಡುವುದು ಸೂರ್ಯೋದಯದ ಆಚೀಚೆ ಸ್ವಲ್ಪ ಹೊತ್ತು ಮಾತ್ರ. ಅಷ್ಟರಲ್ಲಿ ಅನುಮಾನದ ಚುಕ್ಕೆಗಳನ್ನಷ್ಟೇ ಹೋಗಿ ನೋಡಿಬರಬೇಕು.

ಯಾವ ತಿಂಗಳು, ಯಾವ ತಾಸು

ಚಿಗರಿಯ ಮೈಯೊಳಗೆ 38–39 ಡಿಗ್ರಿ ಇದ್ದರೂ ಕ್ಯಾಮರಾ ಅದನ್ನು ನೋಡುವುದಿಲ್ಲ, ಕೂದಲಿನ ಮೇಲ್ಮೈಯನ್ನು ನೋಡುತ್ತದೆ. ಅದು ಸುತ್ತಲಿನ ಗಾಳಿಗಿಂತ ಕೆಲವೇ ಡಿಗ್ರಿ ಬೆಚ್ಚಗಿರುತ್ತದೆ. ಆ ಕೆಲವು ಡಿಗ್ರಿಗಳ ಮೇಲೆಯೇ ಇಡೀ ಸಮೀಕ್ಷೆ ನಿಂತಿದೆ. ಹಗಲು ಎರೆಮಣ್ಣು ಕಾದು ಪ್ರಾಣಿಗಿಂತ ಬಿಸಿಯಾಗುತ್ತದೆ. ರಾತ್ರಿ ಆರಿ ತಣ್ಣಗಾಗುತ್ತದೆ. ನಡುವೆ ದಿನಕ್ಕೆ ಎರಡು ಸಲ, ಬೆಳಿಗ್ಗೆ ಬಿಸಿಲೇರಿದ ಮೇಲೆ ಒಮ್ಮೆ, ಸಂಜೆ ಒಮ್ಮೆ, ಮಣ್ಣು ಮತ್ತು ಮೈ ಸರಿಸಮವಾಗಿ ಪ್ರಾಣಿ ಪರದೆಯಿಂದ ಮಾಯವಾಗುತ್ತದೆ. ಅದು ಕ್ಯಾಮರಾ ಕೆಟ್ಟಿದ್ದಲ್ಲ.

ಕಲಬುರಗಿಯಲ್ಲಿ ಜನವರಿ ನಡುವಿನಲ್ಲಿ ಸೂರ್ಯ ಹುಟ್ಟುವುದು 6.50ರ ಆಸುಪಾಸು. 5.15ರಿಂದ 6.45ರವರೆಗಿನ ಹೊತ್ತು ಅತ್ಯುತ್ತಮ. ಇರುಳಿಡೀ ನೆಲ ಶಾಖ ಬಿಟ್ಟಿರುತ್ತದೆ, ಗಾಳಿ ಕಡಿಮೆ, ಚಿಗರಿ ಬಯಲಲ್ಲಿ ಹಿಂಡಾಗಿ ಮಲಗಿರುತ್ತದೆ ಇಲ್ಲವೇ ಆಗಷ್ಟೇ ಎದ್ದಿರುತ್ತದೆ. ಬಿಸಿಲು ಬಿದ್ದ ಮೇಲೆ ಕಪ್ಪು ಗಂಡುಗಳ ಬೆನ್ನು ಹೆಣ್ಣುಗಳಿಗಿಂತ ಬೇಗ ಕಾಯುತ್ತದೆ, ಕಲ್ಲುಗಳೂ ಕಾಯುತ್ತವೆ. ಅಲ್ಲಿಂದಾಚೆ ಹಾರಿಸುವುದು ಬ್ಯಾಟರಿ ದಂಡ.

ತಿಂಗಳು ಆರಿಸುವಾಗ ಹವಾಮಾನಕ್ಕಿಂತ ಬೆಳೆಯೇ ಮುಖ್ಯ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ತೊಗರಿ ಆಳೆತ್ತರ ನಿಂತಿರುತ್ತದೆ. ಶಾಖ ಕ್ಯಾಮರಾ ಎಲೆಯ ಆಚೆ ನೋಡುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಏಕೆಂದರೆ ಗೋಡೆಯಾಚೆ, ಕಾಡಿನೊಳಗೆ ಎಲ್ಲ ಕಾಣುತ್ತದೆ ಎಂಬ ಸಿನಿಮಾ ಕಲ್ಪನೆ ಅಧಿಕಾರಿಗಳ ಕೊಠಡಿಯಲ್ಲೂ ಗಟ್ಟಿಯಾಗಿದೆ. ತೊಗರಿ ಸಾಲಿನ ನಡುವೆ ಮಲಗಿದ ಚಿಗರಿ ಮೇಲಿನಿಂದ ಅಲ್ಲೊಂದು ಇಲ್ಲೊಂದು ತುಣುಕಾಗಿ ಕಂಡರೆ ಪುಣ್ಯ. ತೊಗರಿ ಕಟಾವು ಮುಗಿದು, ಕಡಲೆ ಇನ್ನೂ ಮೊಣಕಾಲೆತ್ತರವಿರುವ ಜನವರಿ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ ನೆಲ ತೆರೆದುಕೊಳ್ಳುತ್ತದೆ. ಹಿಂಗಾರಿ ಜೋಳ ಮಾತ್ರ ಫೆಬ್ರುವರಿವರೆಗೂ ನಿಂತಿರುತ್ತದೆ. ಜೋಳದ ಹೊಲಗಳನ್ನು ನಕ್ಷೆಯಲ್ಲಿ ಬೇರೆಯಾಗಿ ಗುರುತಿಸಿ, ಆ ಎಕರೆಗಳನ್ನು ‘ನೋಡಲಾಗದ ಜಾಗ’ ಎಂದು ವರದಿಯಲ್ಲಿ ಬರೆಯಬೇಕು. ಅಲ್ಲಿ ಸೊನ್ನೆ ಬರೆದರೆ ಇಡೀ ಅಂದಾಜು ತಲೆಕೆಳಗಾಗುತ್ತದೆ.

ಬೇಸಿಗೆಯಲ್ಲಿ ಹೊಲವೆಲ್ಲ ಬೋಳು, ಆದರೂ ಬೇಡ. ಏಪ್ರಿಲ್-ಮೇ ತಿಂಗಳಲ್ಲಿ ನಸುಕಿನಲ್ಲೂ ಎರೆನೆಲ ಬೆಚ್ಚಗೆ ಉಳಿದಿರುತ್ತದೆ, ವ್ಯತ್ಯಾಸ ಒಂದೆರಡು ಡಿಗ್ರಿಗೆ ಇಳಿಯುತ್ತದೆ. ಜೊತೆಗೆ ಈ ಡ್ರೋನ್ ಕೆಲಸ ಮಾಡುವ ಉಷ್ಣತೆಯ ಮೇಲ್ಮಿತಿ 40 ಡಿಗ್ರಿ ಎಂದು ಕಂಪನಿಯೇ ಬರೆದಿದೆ. ಕಲಬುರಗಿಯ ಮೇ ಮಧ್ಯಾಹ್ನಕ್ಕೆ ಆ ಮಿತಿ ಏನೂ ಅಲ್ಲ. ಹಾರಿ ಇಳಿದ ಬ್ಯಾಟರಿ ಬಿಸಿ ಆರುವವರೆಗೆ ಚಾರ್ಜ್ ಕೂಡ ಆಗುವುದಿಲ್ಲ.

ಚಿಂಚೋಳಿ ವನ್ಯಜೀವಿಧಾಮದ ಲೆಕ್ಕ ಬೇರೆ. 2011ರಲ್ಲಿ ಘೋಷಣೆಯಾದ, ಸುಮಾರು 135 ಚದರ ಕಿಲೋಮೀಟರಿನ ಈ ಒಣ ಎಲೆಯುದುರುವ ಕಾಡಿನಲ್ಲಿ ಮಾರ್ಚ್ ಹೊತ್ತಿಗೆ ಮರಗಳು ಬೋಳಾಗಿ ನೆಲ ಕಾಣುತ್ತದೆ, ಆದರೆ ಅಷ್ಟರಲ್ಲಿ ನೆಲ ಕಾಯತೊಡಗಿರುತ್ತದೆ. ಎರಡೂ ಅನುಕೂಲ ಒಟ್ಟಿಗೆ ಸಿಗುವುದಿಲ್ಲ. ಗುಡ್ಡಗಾಡಾದ್ದರಿಂದ ಎತ್ತರವೂ ಮೋಸ ಮಾಡುತ್ತದೆ: ಡ್ರೋನ್ ತೋರಿಸುವ 100 ಮೀಟರ್ ಹಾರಿಸಿದ ಜಾಗದಿಂದ ಲೆಕ್ಕ, ಕೆಳಗಿನ ಗುಡ್ಡದಿಂದಲ್ಲ. ಎತ್ತರದ ನಕ್ಷೆ ಹಾಕಿ ನೆಲ ಅನುಸರಿಸುವ ವ್ಯವಸ್ಥೆ ಬಳಸದಿದ್ದರೆ ಪಿಕ್ಸೆಲ್ ಗಾತ್ರ ಸಾಲಿನಿಂದ ಸಾಲಿಗೆ ಬದಲಾಗುತ್ತದೆ. ಅಲ್ಲಿ ಪ್ರಾಣಿ ಎದುರು ಹಾದಾಗ ತಾನೇ ಚಿತ್ರ ತೆಗೆಯುವ ನೆಲದ ಮೇಲಿನ ಕ್ಯಾಮರಾ ಟ್ರ್ಯಾಪ್ ಇದಕ್ಕಿಂತ ಹೆಚ್ಚು ಹೇಳುತ್ತದೆ.

ಚಿಗರಿಯಲ್ಲದ ಬಿಳಿ ಚುಕ್ಕೆಗಳು

ನಮ್ಮ ಭಾಗದ ಹೊಲದಲ್ಲಿ ನಸುಕಿಗೆ ಬೆಳ್ಳಗೆ ಹೊಳೆಯುವ ವಸ್ತುಗಳು ಬೇಕಾದಷ್ಟಿವೆ. ಮೊದಲನೆಯದು ಕಲ್ಲು. ಬೀದರಿನ ಜಂಬಿಟ್ಟಿಗೆ ಗುಂಡುಗಳು, ಶಹಾಬಾದ್, ಸೇಡಂ ಕಡೆಯ ಪರಸಿ ಚೂರುಗಳು ಹಗಲಿನ ಶಾಖವನ್ನು ಬೆಳಗಿನವರೆಗೆ ಹಿಡಿದಿಟ್ಟುಕೊಳ್ಳುತ್ತವೆ. ಬದುವಿನ ಮೇಲೆ ಸಾಲಾಗಿ ಬಿದ್ದ ಕಲ್ಲುಗಳು ಥೇಟ್ ಮಲಗಿದ ಹಿಂಡಿನಂತೆ. ತಿಪ್ಪೆ ಒಳಗಿನಿಂದಲೇ ಕೊಳೆತು ಬಿಸಿಯಾಗುವುದರಿಂದ ಯಾವ ಕಾಲದಲ್ಲೂ ಬೆಳ್ಳಗೆ. ಕೃಷಿ ಹೊಂಡದ ನೀರು ನಸುಕಿನಲ್ಲಿ ನೆಲಕ್ಕಿಂತ ಬೆಚ್ಚಗಿರುತ್ತದೆ. ಹುತ್ತ, ಸುಟ್ಟ ತೊಗರಿ ಕಟ್ಟಿಗೆಯ ಬೂದಿ, ಅಟ್ಟಣಿಗೆಯ ಮೇಲೆ ಕಂಬಳಿ ಹೊದ್ದು ಮಲಗಿದ ಕಾವಲುಗಾರ, ಎಲ್ಲವೂ ಪಟ್ಟಿಯಲ್ಲಿವೆ.

ಎಲ್ಲಕ್ಕಿಂತ ಕಷ್ಟ ಕುರಿ. ಸುಗ್ಗಿಯ ನಂತರ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಹಟ್ಟಿ ಹಾಕಿಸುತ್ತಾರೆ, ಅದೂ ಸಮೀಕ್ಷೆಗೆ ಹೇಳಿ ಮಾಡಿಸಿದ ತಿಂಗಳಲ್ಲೇ. ಗಾತ್ರ ಚಿಗರಿಯಷ್ಟೇ. ಗುರುತಿಸಲು ಎರಡು ದಾರಿ. ಉಣ್ಣೆ ಶಾಖ ಹೊರಬಿಡದ ಕಾರಣ ಕುರಿಯ ಬೆನ್ನು ಮಂಕು, ತಲೆ ಮತ್ತು ಕಾಲು ಮಾತ್ರ ಹೊಳಪು; ಚಿಗರಿಯ ಮೈ ಹೆಚ್ಚುಕಡಿಮೆ ಒಂದೇ ಹೊಳಪು. ಇದು 60 ಮೀಟರಿನಿಂದ ಕಾಣುತ್ತದೆ, 100ರಿಂದ ಅನುಮಾನ. ಎರಡನೆಯದು ಇರುವ ರೀತಿ: ಹಟ್ಟಿಯ ಕುರಿಗಳು ಬಲೆಯೊಳಗೆ ಒಂದಕ್ಕೊಂದು ಅಂಟಿ ಒತ್ತಾಗಿರುತ್ತವೆ, ಪಕ್ಕದಲ್ಲಿ ನಾಯಿ, ಕುರಿಗಾರರ ಒಲೆಯ ಕೆಂಡ ಇರುತ್ತದೆ. ಚಿಗರಿಗಳು ನಡುವೆ ಕೆಲವು ಮಾರು ಜಾಗ ಬಿಟ್ಟು ಮಲಗುತ್ತವೆ. ಬಿಡಿ ಆಡುಗಳಿಗೆ ಈ ಸೂತ್ರವೂ ನಡೆಯುವುದಿಲ್ಲ. ಹಿಂದಿನ ಸಂಜೆ ಬೈಕಿನಲ್ಲಿ ಸುತ್ತಿ ಯಾವ ಹೊಲದಲ್ಲಿ ಹಟ್ಟಿ ಬಿದ್ದಿದೆ ಎಂದು ಕೇಳಿ ಬರೆದುಕೊಳ್ಳುವುದು ಎಲ್ಲ ಸಾಫ್ಟ್‌ವೇರಿಗಿಂತ ಉತ್ತಮ ಉಪಾಯ.

ತೋಳ, ನರಿ, ನಾಯಿಗಳನ್ನು ಈ ಎತ್ತರದಿಂದ ಬೇರೆ ಬೇರೆಯಾಗಿ ಗುರುತಿಸಿದ್ದೇವೆ ಎಂದು ಯಾರಾದರೂ ವರದಿ ಕೊಟ್ಟರೆ ನಂಬಬೇಡಿ. ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ 2024ರಲ್ಲಿ ತೋಳಗಳನ್ನು ಹಿಡಿಯಲು ಥರ್ಮಲ್ ಡ್ರೋನ್ ಬಳಸಿದ್ದು ನಿಜ. ಆದರೆ ಅಲ್ಲಿ ಅದು ಮಾಡಿದ್ದು ಹುಡುಕುವ ಕೆಲಸ, ಕೆಳಗೆ ಹೆಜ್ಜೆ ಗುರುತು ನೋಡುವ ಸಿಬ್ಬಂದಿ ಇದ್ದರು.

ಒಂದು ಬ್ಯಾಟರಿಗೆ ನೂರು ಎಕರೆ

ಕಂಪನಿ ಹೇಳುವ ಹಾರಾಟದ ಸಮಯ 45 ನಿಮಿಷ. ಅದು ಗಾಳಿಯಿಲ್ಲದ ಸ್ಥಿತಿಯ ಲೆಕ್ಕ, ಬ್ಯಾಟರಿ ಪೂರ್ತಿ ಖಾಲಿಯಾಗುವವರೆಗಿನದು. ಮರಳುವ ಪಾಲು ಉಳಿಸಿಕೊಂಡರೆ ಸಾಲು ಹೊಡೆಯಲು 25 ನಿಮಿಷ ಹಿಡಿಯಿರಿ. 100 ಮೀಟರ್ ಎತ್ತರ, ಸಾಲಿನಿಂದ ಸಾಲಿಗೆ 60 ಮೀಟರ್, ವೇಗ ಸೆಕೆಂಡಿಗೆ 8 ಮೀಟರ್ ಎಂದರೆ 25 ನಿಮಿಷಕ್ಕೆ 72 ಹೆಕ್ಟೇರ್, ಅಂದರೆ 178 ಎಕರೆ. ಸೇವೆ ಕೊಡುವವರು ಹೇಳುವ ಅಂಕಿ ಇದೇ.

ಇದರಲ್ಲಿ ಬಿಟ್ಟುಹೋದದ್ದು ಕಣ್ಣಳತೆಯ ನಿಯಮ. ಡ್ರೋನ್ ಹಾರಿಸುವವರ ಕಣ್ಣಿಗೆ ಕಾಣುತ್ತಿರಬೇಕು, ಮತ್ತು ಇಷ್ಟು ಚಿಕ್ಕ ಡ್ರೋನ್, ದೀಪ ಮಿನುಗಿಸಿದರೂ, ಅರ್ಧ ಕಿಲೋಮೀಟರಿನಾಚೆ ನಂಬಿಕೆಯಿಂದ ಹಿಂಬಾಲಿಸಲು ಸಿಗುವುದಿಲ್ಲ. ಹೊಲದ ನಟ್ಟನಡುವೆ ನಿಂತು ಸುತ್ತ ಹಾರಿಸೋಣ ಎಂದರೆ ಕತ್ತಲಲ್ಲಿ ನಾಲ್ಕು ಜನ ಟಾರ್ಚು ಹಿಡಿದು ಹಿಂಡಿನ ಮಧ್ಯೆ ನಡೆದು ಹೋದಂತಾಗುತ್ತದೆ. ಎಣಿಸಬೇಕಾದ ಪ್ರಾಣಿ ಪಕ್ಕದ ಊರಿನ ಸೀಮೆ ಸೇರಿರುತ್ತದೆ. ಹಾಗಾಗಿ ಬಂಡಿ ದಾರಿಯ ಮೇಲೆ ವಾಹನ ನಿಲ್ಲಿಸಿ, ದಾರಿಗೆ ಅಡ್ಡಲಾಗಿ ಆಚೆ 450, ಈಚೆ 450 ಮೀಟರ್ ಸಾಲು ಹಾಕಿ. ದಾರಿಯುದ್ದಕ್ಕೆ ಅಗಲ 450 ಮೀಟರ್. ನಿಂತ ಜಾಗದಿಂದ ದೂರದ ಮೂಲೆ ಸುಮಾರು 500 ಮೀಟರ್. ಎಂಟು ಸಾಲು, ಒಟ್ಟು 7.2 ಕಿಲೋಮೀಟರ್, 15 ನಿಮಿಷ, ತಿರುವುಗಳಿಗೆ ಇನ್ನೊಂದೆರಡು. ವಿಸ್ತೀರ್ಣ ಸರಿಯಾಗಿ 100 ಎಕರೆ. ಇಳಿಸಿ, ಬ್ಯಾಟರಿ ಬದಲಿಸಿ, ಮುಂದಿನ ತುಂಡಿಗೆ ಹೋಗಲು ಹತ್ತು-ಹನ್ನೆರಡು ನಿಮಿಷ. ಒಂದು ತಂಡಕ್ಕೆ ಒಂದು ನಸುಕಿಗೆ ಮೂರು ತುಂಡು, 300 ಎಕರೆ. ಯಾರಾದರೂ ಒಂದೇ ಮುಂಜಾನೆ ಸಾವಿರ ಎಕರೆ ಮುಗಿಸಿದ್ದೇವೆ ಎಂದರೆ ಸಾಲಿನ ನಕ್ಷೆ ಕೇಳಿ.

ತಾಲ್ಲೂಕಿನಷ್ಟು ದೊಡ್ಡ ಜಾಗಕ್ಕೆ ಪೂರ್ತಿ ಹಾರಿಸುವ ಮಾತೇ ಇಲ್ಲ. ನಕ್ಷೆಯ ಮೇಲೆ ಇಂಥ ತುಂಡುಗಳ ಜಾಲ ಹಾಕಿ, ಚೀಟಿ ಎತ್ತಿದಂತೆ ಕೆಲವನ್ನು ಆರಿಸಬೇಕು. ಚಿಗರಿ ಜಾಸ್ತಿ ಇದೆ ಎಂದು ರೈತರು ತೋರಿಸಿದ ಹೊಲಗಳಲ್ಲೇ ಹಾರಿಸಿ ಇಡೀ ತಾಲ್ಲೂಕಿಗೆ ಗುಣಿಸಿದರೆ ಬರುವ ಸಂಖ್ಯೆ ಯಾರಿಗೂ ಉಪಯೋಗವಿಲ್ಲ.

ವೇಗದ ಬಗ್ಗೆ ಒಂದು ಮಾತು. ಮೈಕ್ರೊಬೊಲೋಮೀಟರಿನ ಪ್ರತಿ ಪಿಕ್ಸೆಲ್‌ಗೆ ಕಾಯಲು, ಆರಲು ಸುಮಾರು 10 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅಷ್ಟು ಹೊತ್ತಿನಲ್ಲಿ ಡ್ರೋನ್ 10 ಸೆಂಟಿಮೀಟರ್ ಸರಿದಿರುತ್ತದೆ. 100 ಮೀಟರಿನಲ್ಲಿ ಅದು ಮುಕ್ಕಾಲು ಪಿಕ್ಸೆಲ್, ಸಹಿಸಬಹುದು. 60 ಮೀಟರಿನಲ್ಲಿ ಒಂದು ಪಿಕ್ಸೆಲ್ ದಾಟುತ್ತದೆ, ಚಿಗರಿ ಅಲುಗಿದ ಗೆರೆಯಾಗುತ್ತದೆ. ಕೆಳಗೆ ಹಾರಿದಷ್ಟೂ ನಿಧಾನ: 60 ಮೀಟರ್ ಎತ್ತರಕ್ಕೆ ಸೆಕೆಂಡಿಗೆ 5–6 ಮೀಟರ್.

ಸೆಟ್ಟಿಂಗ್ ಮತ್ತು ಎಣಿಕೆ

ಕಾಮನಬಿಲ್ಲಿನ ಬಣ್ಣದ ಪ್ಯಾಲೆಟ್ ಪತ್ರಿಕೆಯ ಫೋಟೊಗೆ ಚೆಂದ, ಎಣಿಕೆಗೆ ಕೆಟ್ಟದ್ದು. ಇಲ್ಲದ ಅಂಚುಗಳನ್ನು ಹುಟ್ಟಿಸುತ್ತದೆ. ಬಿಸಿಯಾದದ್ದು ಬೆಳ್ಳಗೆ ಕಾಣುವ ವೈಟ್ ಹಾಟ್ ಇಡಿ. ಚಿತ್ರದ ಹೊಳಪನ್ನು ತಾನೇ ಹೊಂದಿಸುವ ಸ್ವಯಂಚಾಲಿತ ಗೇನ್ ಇನ್ನೊಂದು ಬಲೆ. ಚೌಕಟ್ಟಿನೊಳಗೆ ತಿಪ್ಪೆಯೋ ಕೆಂಡವೋ ಬಂದ ಕೂಡಲೇ ಇಡೀ ಚಿತ್ರ ಅದಕ್ಕೆ ಹೊಂದಿಕೊಂಡು ಮಂಕಾಗುತ್ತದೆ, ಪಕ್ಕದಲ್ಲಿದ್ದ ಚಿಗರಿ ಕರಗುತ್ತದೆ. ಐಸೋಥರ್ಮ್ ಹಾಕಿ, ಆ ಬೆಳಗಿನ ನೆಲದ ಉಷ್ಣತೆ ನೋಡಿ ಅದಕ್ಕಿಂತ ಮೇಲಿನ ಕೆಲವು ಡಿಗ್ರಿಗಳಿಗೆ ಮಾತ್ರ ಬಣ್ಣ ಕೊಟ್ಟರೆ ಕಣ್ಣಿನ ಕೆಲಸ ಅರ್ಧ ಕಡಿಮೆಯಾಗುತ್ತದೆ. ಪರದೆ ತೋರಿಸುವ ಡಿಗ್ರಿಯನ್ನು ಪ್ರಾಣಿಯ ಜ್ವರ ಅಳೆಯಲು ಬಳಸಬೇಡಿ, ಅಷ್ಟು ಚಿಕ್ಕ ಗುರಿಗೆ ಅದು ಸರಿಬರುವುದಿಲ್ಲ.

ಕ್ಯಾಮರಾ ಆಗಾಗ ‘ಕ್ಲಿಕ್’ ಎಂದು ಒಳಗಿನ ಶಟರ್ ಮುಚ್ಚಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಆ ಕ್ಷಣ ಚಿತ್ರ ನಿಂತುಬಿಡುತ್ತದೆ. ಸಾಲಿನ ನಡುವೆ ಹೀಗಾದರೆ ಕೆಲವು ಮೀಟರ್ ಕಳೆದುಹೋಗುತ್ತದೆ. ಪ್ರತಿ ಸಾಲಿನ ತಿರುವಿನಲ್ಲಿ ಕೈಯಾರೆ ಮಾಡಿಸುವುದು ಲೇಸು. ಜನವರಿಯಲ್ಲಿ ಭೀಮಾ ದಂಡೆ, ಕೆರೆ ಅಂಗಳಗಳಲ್ಲಿ ಮಂಜಿದ್ದರೆ ಹಾರಿಸಲೇಬೇಡಿ, ಹನಿಗಳು ಶಾಖವನ್ನು ನುಂಗುತ್ತವೆ. ಕಾರಿನ ಬೆಚ್ಚನೆಯಿಂದ ತೆಗೆದ ಡ್ರೋನನ್ನು ಕಾಲು ತಾಸು ಹೊರಗಿಟ್ಟ ಮೇಲೆ ಹಾರಿಸಿ.

ಈ ಮಾದರಿಯ ದೊಡ್ಡ ಕೊರತೆ ವಿಡಿಯೊ. ಥರ್ಮಲ್ ವಿಡಿಯೊ ಸೆಕೆಂಡಿಗೆ 6 ಮೆಗಾಬಿಟ್‌ಗೆ ಹಿಂಡಲ್ಪಡುತ್ತದೆ, ಎರಡು-ಮೂರು ಪಿಕ್ಸೆಲ್‌ನ ಮರಿ ಆ ಹಿಂಡುವಿಕೆಯಲ್ಲಿ ಅಳಿಸಿಹೋಗುತ್ತದೆ. ಎಣಿಕೆಗೆ ಆರ್-ಜೆಪೆಗ್ ಸ್ಥಿರಚಿತ್ರಗಳೇ ಬೇಕು. ಅವುಗಳಲ್ಲಿ ಮೂಲ ಶಾಖದ ಮಾಹಿತಿ ಉಳಿದಿರುತ್ತದೆ. ಎರಡು ಸೆಕೆಂಡಿಗೊಂದು ತೆಗೆದರೆ ಒಂದರ ಮೇಲೊಂದು ಮುಕ್ಕಾಲು ಭಾಗ ಹೊಂದುತ್ತದೆ. ಒಂದೇ ಪ್ರಾಣಿ ನಾಲ್ಕು ಚಿತ್ರಗಳಲ್ಲಿ ಬರುತ್ತದೆ, ಕಲ್ಲೋ ಜೀವವೋ ಎಂಬುದು ಅಲುಗಾಟದಿಂದ ಗೊತ್ತಾಗುತ್ತದೆ. 100 ಎಕರೆಗೆ ಐನೂರರ ಸುಮಾರು ಚಿತ್ರ.

ಇವನ್ನೆಲ್ಲ ಹೊಲಿದು ಒಂದೇ ದೊಡ್ಡ ನಕ್ಷೆ ಮಾಡುವ ಆಸೆಯನ್ನು ಬಿಡಿ. ಉತ್ತ ಎರೆಹೊಲ ಶಾಖದಲ್ಲಿ ಒಂದೇ ಸಮನೆ ಬೂದು. ಸಾಫ್ಟ್‌ವೇರಿಗೆ ಜೋಡಿಸಲು ಗುರುತುಗಳೇ ಸಿಗುವುದಿಲ್ಲ. ಜೋಡಿಸಿದರೂ ನಡೆಯುತ್ತಿದ್ದ ಚಿಗರಿ ಎರಡು ಕಡೆ ಮೂಡುತ್ತದೆ ಇಲ್ಲವೇ ಎಲ್ಲೂ ಮೂಡುವುದಿಲ್ಲ. ಬಿಡಿ ಚಿತ್ರಗಳಲ್ಲೇ ಎಣಿಸಿ, ಪ್ರತಿ ಹಿಂಡಿನ ಸ್ಥಾನ, ಸಮಯ, ಹೊರಟ ದಿಕ್ಕು ಬರೆಯಿರಿ. ಪಕ್ಕದ ಸಾಲಿನಲ್ಲಿ ಎರಡು ನಿಮಿಷದ ನಂತರ ಅದೇ ಗಾತ್ರದ ಹಿಂಡು ಕಂಡರೆ ಅದು ಅದೇ ಹಿಂಡು ಎಂದೇ ಮೊದಲು ಅನುಮಾನಿಸಿ.

ಎಣಿಸುವವರು ಇಬ್ಬರಿರಲಿ, ಒಬ್ಬರ ಹಾಳೆ ಇನ್ನೊಬ್ಬರು ನೋಡದಂತೆ. ಉದಾಹರಣೆಗೆ ಒಬ್ಬರಿಗೆ 42, ಇನ್ನೊಬ್ಬರಿಗೆ 40, ಇಬ್ಬರಿಗೂ ಕಂಡದ್ದು 36 ಎಂದಿಟ್ಟುಕೊಳ್ಳಿ. 42ನ್ನು 40ರಿಂದ ಗುಣಿಸಿ 36ರಿಂದ ಭಾಗಿಸಿದರೆ 46.7, ಇದು ಚಿತ್ರಗಳಲ್ಲಿರುವ ಒಟ್ಟು ಪ್ರಾಣಿಗಳ ಅಂದಾಜು. ಒಟ್ಟು ಕಂಡದ್ದು 46, ಇಬ್ಬರ ಕಣ್ಣೂ ತಪ್ಪಿದ್ದು ಸುಮಾರು ಒಂದು. ಗಿಡದ ಕೆಳಗಿದ್ದು ಕ್ಯಾಮರಾಕ್ಕೇ ಕಾಣದ ಪ್ರಾಣಿ ಈ ಲೆಕ್ಕದಲ್ಲಿ ಬರುವುದಿಲ್ಲ. ಅದಕ್ಕೆ ನೆಲದಿಂದ ದುರ್ಬೀನು ಹಿಡಿದು ಅದೇ ಬೆಳಿಗ್ಗೆ ಕೆಲವು ತುಂಡುಗಳಲ್ಲಾದರೂ ಎಣಿಸಿ ಹೋಲಿಸುವುದೊಂದೇ ದಾರಿ.

ಸದ್ದಿಗೆ ಚಿಗರಿ ಬೆದರುತ್ತದೆ. ಹಿಂಡಿನ ನೆತ್ತಿಯ ಮೇಲೆ ಇಳಿಯುವುದು, ಅಟ್ಟಿಸಿಕೊಂಡು ಹೋಗುವುದು ತಪ್ಪಷ್ಟೇ ಅಲ್ಲ, ಎಣಿಕೆಯನ್ನೂ ಕೆಡಿಸುತ್ತದೆ. 100 ಮೀಟರಿಗೆ ಏರಿದ ಮೇಲಷ್ಟೇ ಹೊಲದೊಳಗೆ ನುಗ್ಗಿ. ತಲೆ ಎತ್ತಿ ಒಂದೇ ಕಡೆ ಓಡತೊಡಗಿದರೆ ಆ ಸಾಲು ನಿಲ್ಲಿಸಿ. ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮದ ಹತ್ತಿರ ಚಳಿಗಾಲದಲ್ಲಿ ಇದನ್ನು ಹಾರಿಸಲೇಬಾರದು, ಕೆರೆಯ ಹಕ್ಕಿಗಳೆಲ್ಲ ಒಮ್ಮೆಲೇ ಏಳುತ್ತವೆ. ಅಡ್ಡಿ ಗುರುತಿಸುವ ಕ್ಯಾಮರಾಗಳು ಕತ್ತಲಲ್ಲಿ ಕೆಲಸ ಮಾಡುವುದಿಲ್ಲ ಎಂಬುದೂ ನೆನಪಿರಲಿ. ಹೈಟೆನ್ಷನ್ ಲೈನ್, ಮೊಬೈಲ್ ಟವರ್, ಗಾಳಿಯಂತ್ರಗಳನ್ನು ಹಿಂದಿನ ಹಗಲು ನೋಡಿಟ್ಟುಕೊಂಡು ಮರಳುವ ಎತ್ತರ ನಿಗದಿಮಾಡಿ.

ಕೊಳ್ಳುವುದೋ, ಬಾಡಿಗೆಯೋ

ಇಷ್ಟೆಲ್ಲ ಹೇಳಿದ ಮೇಲೂ ಅಂಗಡಿಗೆ ಹೋಗಿ ತರಲು ಆಗದ ಸರಕಿದು. 2022ರ ಫೆಬ್ರುವರಿಯಿಂದ ವಿದೇಶದ ಸಿದ್ಧ ಡ್ರೋನುಗಳ ಆಮದಿಗೆ ನಿಷೇಧವಿದೆ. ಸರ್ಕಾರಿ ಸಂಸ್ಥೆಗಳು, ಮಾನ್ಯತೆ ಪಡೆದ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಸಂಶೋಧನೆಗಾಗಿ, ರಕ್ಷಣೆ ಮತ್ತು ಭದ್ರತೆಗಾಗಿ ಅನುಮತಿಯ ಮೇಲೆ ವಿನಾಯಿತಿ ಇದೆ. ಹಿಂಬಾಗಿಲಿನಿಂದ ಬಂದದ್ದಕ್ಕೆ ನೋಂದಣಿ ಸಂಖ್ಯೆ ಇಲ್ಲ, ಅದಿಲ್ಲದೆ ಹಾರಿಸುವಂತಿಲ್ಲ, ಬಿದ್ದು ಯಾರಿಗಾದರೂ ಪೆಟ್ಟಾದರೆ ವಿಮೆಯೂ ಇಲ್ಲ. ಸಾಮಾನ್ಯ ಸಂಘ-ಸಂಸ್ಥೆಗಳಿಗೆ ಉಳಿದ ದಾರಿ ಭಾರತದಲ್ಲಿ ತಯಾರಾಗಿ ಟೈಪ್ ಸರ್ಟಿಫಿಕೇಟ್ (ಮಾದರಿಗೆ ಸರ್ಕಾರದ ಒಪ್ಪಿಗೆ ಪತ್ರ) ಪಡೆದ ಡ್ರೋನಿಗೆ 640×512 ಥರ್ಮಲ್ ಜೋಡಿಸಿದ ಸೇವೆಯನ್ನು ಬಾಡಿಗೆಗೆ ಪಡೆಯುವುದು. ಮಾವಿಕ್ ಮಾದರಿ 920 ಗ್ರಾಂ, 2 ಕಿಲೋದೊಳಗಿನ ಮೈಕ್ರೊ ವರ್ಗ. ಬಾಡಿಗೆಗೆ ಬರುವ ಬಹುತೇಕ ಡ್ರೋನುಗಳು ಅದಕ್ಕಿಂತ ಭಾರ, ಸದ್ದೂ ಜಾಸ್ತಿ. ಹಾಗಾಗಿ 120 ಮೀಟರಿಗೆ ಹೊಂದುವ ಉದ್ದ ನಾಭಿದೂರದ, 13 ಮಿಲಿಮೀಟರ್ ಆಸುಪಾಸಿನ ಲೆನ್ಸ್ ಕೇಳಿ. ಆಗ ಪಿಕ್ಸೆಲ್ 11 ಸೆಂಟಿಮೀಟರಿಗೆ ಬರುತ್ತದೆ, ಚೌಕಟ್ಟಿನ ಅಗಲ 70 ಮೀಟರಿಗೆ ಇಳಿಯುತ್ತದೆ. ಪೈಲಟ್ ಪ್ರಮಾಣಪತ್ರ, ನೋಂದಣಿ ಸಂಖ್ಯೆ, ವಿಮೆ ಮೂರನ್ನೂ ಕೆಲಸ ಒಪ್ಪಿಸುವ ಮೊದಲೇ ನೋಡಿ.

ವಿದೇಶಗಳಲ್ಲಿ ವಿಮಾನ, ಹೆಲಿಕಾಪ್ಟರಿಗೆ ತಂಪುಗೊಳಿಸಿದ 3–5 ಮೈಕ್ರಾನ್ ಕ್ಯಾಮರಾ ಕಟ್ಟಿ ಜಿಂಕೆ ಎಣಿಸುತ್ತಾರೆ. ಬಹಳ ಎತ್ತರದಿಂದ, ಬಹಳ ಬೇಗ ಮುಗಿಯುತ್ತದೆ. ಒಂದೊಂದು ಊರಿನ ಸೀಮೆಗೆ ಅದರ ಖರ್ಚು ಯಾವ ಲೆಕ್ಕದಲ್ಲೂ ಕೂಡುವುದಿಲ್ಲ.

ಜಾಗದ ಅನುಮತಿ ಮೂರು ಜಿಲ್ಲೆಗೆ ಮೂರು ಥರ. ಬೀದರ್ ನಗರದಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. ಸುತ್ತಲಿನ ಆಕಾಶದ ನಕ್ಷೆಯನ್ನು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದಲ್ಲಿ ನೋಡದೆ ಬೀದರ್ ಹತ್ತಿರದ ಯಾವ ಹೊಲದಲ್ಲೂ ಪೆಟ್ಟಿಗೆ ತೆರೆಯಬೇಡಿ. ಕೆಂಪು ವಲಯ ಎಂದರೆ ಕೇಂದ್ರದ ಅನುಮತಿ, ರಿಯಾಯಿತಿ ಇಲ್ಲ. ಕಲಬುರಗಿಯಲ್ಲಿ ಶ್ರೀನಿವಾಸ ಸರಡಗಿ ಬಳಿಯ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವೆ ಹಸಿರು ವಲಯದ (ಮುಂಗಡ ಅನುಮತಿ ಬೇಡದ ಆಕಾಶದ) ಮಿತಿ 200 ಅಡಿ, ಅಂದರೆ 60 ಮೀಟರ್; ಅಲ್ಲಿ ಮೇಲೆ ಹೇಳಿದ 100 ಮೀಟರಿನ ಯೋಜನೆ ನಡೆಯದು. ಯಾದಗಿರಿ ಈ ವಿಷಯದಲ್ಲಿ ಸರಾಗ, ಆದರೂ ನಾರಾಯಣಪುರದಂಥ ಅಣೆಕಟ್ಟಿನಿಂದ ದೂರವಿರಿ. ಚಿಂಚೋಳಿ, ಬೋನಾಳದಂಥ ಸಂರಕ್ಷಿತ ಜಾಗಗಳಿಗೆ ಇದೆಲ್ಲದರ ಮೇಲೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಚಿಗರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಖಾಸಗಿ ಹೊಲದಲ್ಲಿ ಹಾರಿಸುವಾಗಲೂ ವಲಯ ಅರಣ್ಯಾಧಿಕಾರಿಗೆ, ಪೊಲೀಸ್ ಠಾಣೆಗೆ ಮೊದಲೇ ತಿಳಿಸಿ. ಊರಿನವರಿಗೂ ಹಿಂದಿನ ದಿನ ಹೇಳಬೇಕು. ನಸುಕಿನಲ್ಲಿ ಬಯಲಿಗೆ ಹೋಗುವವರು ಇನ್ನೂ ಇದ್ದಾರೆ, ತಲೆಯ ಮೇಲೆ ಕ್ಯಾಮರಾ ಗುಯ್‌ಗುಟ್ಟಿದರೆ ಕಲ್ಲು ಬೀಳುವುದು ನ್ಯಾಯವೇ. ಮನುಷ್ಯರು ಬಂದ ಚಿತ್ರಗಳನ್ನು ಎಣಿಕೆ ಮುಗಿದ ದಿನವೇ ಅಳಿಸಿ.

ಇನ್ನು ಪ್ರತಿ ಆರ್-ಜೆಪೆಗ್ ಚಿತ್ರದೊಳಗೆ ಅಕ್ಷಾಂಶ, ರೇಖಾಂಶ, ಸಮಯ ಬರೆದಿರುತ್ತದೆ. ಹಿಂಡು ಎಲ್ಲಿ ಮಲಗುತ್ತದೆ ಎಂಬ ಇಂಥ ಮಾಹಿತಿ ಬೇಟೆಗಾರರಿಗೆ ಬೇರೆಲ್ಲೂ ಸಿಗದು. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಮೂಲ ಕಡತ ಕಳಿಸಿದರೆ ಸ್ಥಾನವೂ ಜೊತೆಗೆ ಹೋಗುತ್ತದೆ. ಹೊರಗೆ ಕೊಡುವ ಚಿತ್ರದಿಂದ ಎಕ್ಸಿಫ್ ಎಂಬ ಈ ಅಡಗಿದ ಮಾಹಿತಿ ತೆಗೆದು, ವರದಿಯಲ್ಲಿ ಹೊಲದ ಸರ್ವೆ ನಂಬರ್ ಬದಲು ಹೋಬಳಿಯ ಹೆಸರಷ್ಟೇ ಹಾಕಿ. ಮೂಲ ಕಾರ್ಡು ಅರಣ್ಯ ಇಲಾಖೆಯ ಸುಪರ್ದಿಯಲ್ಲಿರಲಿ. ಬಾಡಿಗೆ ಸೇವೆಯಾದರೆ ಅವರ ಲ್ಯಾಪ್‌ಟಾಪಿನಲ್ಲಿ ಪ್ರತಿ ಉಳಿಯಬಾರದು ಎಂಬ ಷರತ್ತನ್ನು ಕರಾರಿನಲ್ಲೇ ಬರೆಸಿಕೊಳ್ಳಿ.